ಕುದುರೆ ಕುಂಟುತ್ತಿದೆಯೇ? ಮಾತ್ರೆಗೂ ಮೊದಲು ಕೀಲು ನೋಡಿಸಿ

ನಮ್ಮ ಗಾಡಿ ಕುದುರೆ ಬೆಳಗ್ಗೆ ಹಿಂಗಾಲು ಎಳೀತಿತ್ತು, ಸ್ವಲ್ಪ ದೂರ ನಡೆದ ಮೇಲೆ ಸರಿಹೋಗ್ತಿತ್ತು. ಕುಂಟು ಜಾಸ್ತಿ ಆದಾಗ ಯಾರನ್ನೂ ಕೇಳದೆ ನೋವಿನ ಮಾತ್ರೆ ಕೊಟ್ಟು ಮತ್ತೆ ಗಾಡಿಗೆ ಕಟ್ಟಿದೆ. ನೋವು ಮರೆಯಾಯ್ತು, ಕೀಲು ಸವೆಯೋದು ನಿಲ್ಲಲಿಲ್ಲ. ಈ ತಪ್ಪು ನೀವು ಮಾಡಬೇಡಿ ಅಂತಲೇ ಬರೀತಿದ್ದೀನಿ.

ಪಶುವೈದ್ಯರು ಮೊದಲು ಗೊರಸು ನೋಡಿದರು. ಎಷ್ಟೋ ಕುಂಟಿಗೆ ಕಾರಣ ಅಲ್ಲೇ ಇರುತ್ತೆ. ಆಮೇಲೆ ಹಿಂಗಾಲನ್ನು ಒಂದು ನಿಮಿಷ ಮಡಚಿ ಹಿಡಿದು ಓಡಿಸಿದರು. ಕುಂಟು ಹೆಚ್ಚಾಯ್ತು. ಎಕ್ಸ್‌ರೇಯಲ್ಲಿ ಹಿಂಗಾಲಿನ ಹಾಕ್ ಕೀಲಿನ ಕೆಳಭಾಗ ಸವೆದದ್ದು ಕಂಡಿತು. ಸವೆದ ಮೃದು ಎಲುಬು ಮೊದಲಿನಂತೆ ಬೆಳೆಯೋದಿಲ್ಲ. ನೋವು ತಗ್ಗಿಸಿ, ಕೀಲು ತಡೆಯುವಷ್ಟೇ ಕೆಲಸ ಕೊಡೋದು ಚಿಕಿತ್ಸೆಯ ಗುರಿ.

ನಮ್ಮ ಮುಂದಿರುವ ದಾರಿಗಳು:

1. ಕೆಲಸ, ತೂಕ: ಭಾರ ಎಳೆಸುವುದು ನಿಲ್ಲಿಸಿ. ಹಾಗಂತ ದಿನವಿಡೀ ಕಟ್ಟಿಹಾಕಬೇಡಿ, ಕೀಲು ಬಿಗಿಯುತ್ತದೆ. ವೈದ್ಯರು ಒಪ್ಪಿದರೆ ಸಮತಟ್ಟಾದ ಮೆತ್ತನೆ ನೆಲದಲ್ಲಿ ನಿಧಾನವಾಗಿ ನಡೆಸಿ. ಮೈ ಬಂದಿದ್ದರೆ ಕಾಳು ಕಡಿಮೆ ಮಾಡಿ, ಮೇವು ಬಿಡಿಸಬೇಡಿ.

2. ಗೊರಸು, ಲಾಳ: ಸುಮಾರು 6 ವಾರಕ್ಕೊಮ್ಮೆ ಗೊರಸು ಕತ್ತರಿಸಿ ಸಮ ಮಾಡಿಸಿ. ಗೊರಸು ಓರೆಯಾದರೆ ಕೀಲಿನ ಮೇಲೆ ಭಾರ ಓರೆಯಾಗಿ ಬೀಳುತ್ತದೆ.

3. ನೋವಿನ ಔಷಧಿ: ಮೆಲಾಕ್ಸಿಕಾಮ್, ಫಿನೈಲ್‌ಬ್ಯುಟಜೋನ್ ಮುಂತಾದವುಗಳನ್ನು ವೈದ್ಯರು ಹೇಳಿದ ಪ್ರಮಾಣದಲ್ಲೇ ಕೊಡಿ. ಹೆಚ್ಚಾದರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಹಾನಿ. ಎರಡು ನೋವಿನ ಔಷಧಿ ಒಟ್ಟಿಗೆ ಕೊಡಲೇಬೇಡಿ. ಡೈಕ್ಲೋಫಿನ್ಯಾಕ್ ಜಾನುವಾರು ಬಳಕೆಗೆ 2006ರಿಂದ ನಿಷೇಧ. ಅದು ದೇಹದಲ್ಲಿ ಉಳಿದ ಹೆಣ ತಿಂದ ರಣಹದ್ದುಗಳು ಸಾಯುತ್ತವೆ.

4. ಕೀಲಿನೊಳಗೆ ಇಂಜೆಕ್ಷನ್: ಸ್ಟೆರಾಯ್ಡ್ ತಿಂಗಳುಗಟ್ಟಲೆ ಆರಾಮ ಕೊಡಬಹುದು, ಶಾಶ್ವತವಲ್ಲ. ಶುಚಿ ತಪ್ಪಿದರೆ ಕೀಲಿಗೆ ಸೋಂಕು ತಗುಲುತ್ತದೆ. ಅನುಭವಿ ವೈದ್ಯರೇ ಕೊಡಬೇಕು.

5. ಶಸ್ತ್ರಚಿಕಿತ್ಸೆ: ಹಾಕ್‌ನ ಕೆಳಗಿನ ಕೀಲುಗಳು ಅಲುಗಾಡುವುದೇ ಕಡಿಮೆ. ಕೆಲವು ಕುದುರೆಗಳಲ್ಲಿ ಅವು ತಾವಾಗಿ ಬೆಸೆದುಕೊಂಡು ನೋವು ತಗ್ಗುತ್ತದೆ. ಬೆಸೆಯದಿದ್ದರೆ ಶಸ್ತ್ರಚಿಕಿತ್ಸೆಯಿಂದ ಬೆಸೆಯಬಹುದು. ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗದ ಪಶುವೈದ್ಯ ಕಾಲೇಜುಗಳಲ್ಲಿ ವಿಚಾರಿಸಿ.

ಬರೆ ಹಾಕಿಸೋಣ ಅಂದರು ನಮ್ಮಪ್ಪ. ನಾನು ಒಪ್ಪಲಿಲ್ಲ. ಬರೆಯಿಂದ ಸುಟ್ಟ ಗಾಯ ಆಗುತ್ತದೆಯೇ ಹೊರತು ಒಳಗಿನ ಸವೆತ ವಾಸಿಯಾಗೋದಿಲ್ಲ.

ಕೀಲು ದಿಢೀರನೆ ಊದಿ ಬಿಸಿಯಾದರೆ, ಕಾಲು ಊರಲೇ ಆಗದಿದ್ದರೆ ಕಾಯಬೇಡಿ, 1962ಕ್ಕೆ ಕರೆ ಮಾಡಿ. ಕುಂಟು ಕಂಡ ದಿನವೇ ಕುದುರೆ ನಡೆಯುವ ವಿಡಿಯೋ ಮಾಡಿಟ್ಟುಕೊಳ್ಳಿ, ವೈದ್ಯರಿಗೆ ತೋರಿಸಲು ಬೇಕಾಗುತ್ತದೆ.

ನಮ್ಮ ಕುದುರೆ ಈಗ ಗಾಡಿ ಎಳೆಯೋದಿಲ್ಲ. ಬೆಳಗ್ಗೆ ನನ್ನ ಜೊತೆ ತೋಟದವರೆಗೆ ನಡೀತದೆ. ಅಷ್ಟು ಸಾಕು.