ರಿಪೇರಿ ಮುಗಿಸಿ ಬಂದ ಕಾರಿನಲ್ಲಿ ಹೊಸ ದೋಷ: ಏನು ಮಾಡಬೇಕು?

ಏಪ್ರಿಲ್ ಬಿಸಿಲಿನಲ್ಲಿ ಎಸಿ ಕೆಟ್ಟರೆ ಆಲಮಟ್ಟಿಯಲ್ಲಿ ಕಾರು ಹತ್ತಲು ಮನಸ್ಸೇ ಬರುವುದಿಲ್ಲ. ನಮ್ಮ ಕಾರಿನ ಕೂಲಿಂಗ್ ಕಾಯಿಲ್ ಸೋರುತ್ತಿದೆ ಎಂದು ವಿಜಯಪುರದ ಶೋರೂಮಿನವರು ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿ ಹೊಸದನ್ನು ಹಾಕಿಕೊಟ್ಟರು. ವಿಜಯಪುರದಿಂದ ಹೊರಟಾಗ ಗಾಡಿ ತಣ್ಣಗಿತ್ತು, ಮನಸ್ಸೂ ತಣ್ಣಗಿತ್ತು. ನಿಡಗುಂದಿ ಹತ್ತಿರ ಬರುವಾಗ ಎಡ ಸೀಟಿನಲ್ಲಿದ್ದ ಅವ್ವ, ‘ಕಾಲಬುಡಕ ಎಲ್ಲಾ ತೊಯ್ದೈತಿ ನೋಡಪಾ’ ಎಂದಳು. ಮ್ಯಾಟ್ ಎತ್ತಿ ನೋಡಿದರೆ ಅಡಿಯ ಕಾರ್ಪೆಟ್ ನೀರು ಕುಡಿದು ಮೆತ್ತಗಾಗಿತ್ತು. ಶೋರೂಮಿಗೆ ಫೋನ್ ಮಾಡಿದರೆ, ‘ಅದಕ್ಕೂ ನಮ್ಮ ಕೆಲಸಕ್ಕೂ ಸಂಬಂಧ ಇಲ್ರಿ, ಡೋರಿನ ರಬ್ಬರ್ ಹೋಗಿರಬೇಕು’ ಎಂಬ ಉತ್ತರ ಬಂತು. ಅಂದು ಒಂದು ಹನಿ ಮಳೆಯೂ ಬಿದ್ದಿರಲಿಲ್ಲ.

‘ಸಂಬಂಧ ಇಲ್ಲ’ ಎಂಬ ಮಾತನ್ನು ಅನೇಕರು ಕೇಳಿರುತ್ತಾರೆ. ಎದುರಿಗೆ ಜಗಳವಾಡಿ ಗೆಲ್ಲುವುದು ಕಷ್ಟ. ಗಾಡಿಗೆ ಇನ್ನೊಬ್ಬರ ಕೈ ಬೀಳುವ ಮೊದಲೇ ದಾಖಲೆ ಮಾಡಿಟ್ಟುಕೊಂಡವರ ಮಾತಿಗೆ ಬೆಲೆ ಹೆಚ್ಚು.

ಮೊದಲು ನೋಡಬೇಕಾದದ್ದು ಜೀವದ ಸುರಕ್ಷತೆ. ಆಯಿಲ್ ಪ್ರೆಶರ್‌ನ ಕೆಂಪು ದೀಪ ಹತ್ತಿದರೆ, ಎಂಜಿನ್ ಬಿಸಿಯ ಮುಳ್ಳು ಮೇಲೇರಿದರೆ, ಬ್ರೇಕ್ ಅಥವಾ ಸ್ಟಿಯರಿಂಗ್‌ನಲ್ಲಿ ವ್ಯತ್ಯಾಸ ಕಂಡರೆ ಅಲ್ಲಿಯೇ ಪಕ್ಕಕ್ಕೆ ನಿಲ್ಲಿಸಿ. ಆಲಮಟ್ಟಿಯಿಂದ ವಿಜಯಪುರಕ್ಕೆ ಅರವತ್ತು ಕಿಲೋಮೀಟರಿಗೂ ಹೆಚ್ಚು. ‘ನಿಧಾನಕ್ಕೆ ಓಡಿಸಿಕೊಂಡು ಬನ್ನಿ’ ಎಂದು ಶೋರೂಮಿನವರು ಹೇಳಿದರೂ ಒಪ್ಪಬೇಡಿ, ಟೋಯಿಂಗ್ ಗಾಡಿ ಕಳಿಸಲು ಕೇಳಿ. ಎಂಜಿನ್ನಿನ ಹಳದಿ ದೀಪ ಸ್ಥಿರವಾಗಿ ಉರಿಯುತ್ತಿದ್ದರೆ ನಿಧಾನವಾಗಿ ಮನೆ ಸೇರಬಹುದು, ಮಿಣುಕುತ್ತಿದ್ದರೆ ನಿಲ್ಲಿಸಲೇಬೇಕು. ಏರ್‌ಬ್ಯಾಗ್ ದೀಪ ಆರದಿದ್ದರೆ ಗಾಡಿ ಓಡುತ್ತದೆ, ಆದರೆ ಅಪಘಾತದಲ್ಲಿ ಏರ್‌ಬ್ಯಾಗ್ ತೆರೆದುಕೊಳ್ಳದೇ ಹೋಗಬಹುದು.

ಮೊಬೈಲ್ ತೆಗೆಯಿರಿ, ಪಾನಾ ಬೇಡ

ದೋಷ ಕಂಡ ಕೂಡಲೇ ವಿಡಿಯೊ ಮಾಡಿ. ಓಡೊಮೀಟರಿನ ಕಿಲೋಮೀಟರ್ ಮತ್ತು ದೋಷ ಎರಡೂ ಒಂದೇ ವಿಡಿಯೊದಲ್ಲಿ ಬರಲಿ. ರಿಪೇರಿಯಾದ ಎಷ್ಟು ಕಿಲೋಮೀಟರಿಗೆ ಇದು ಬಂತು ಎಂಬುದಕ್ಕೆ ಅದೇ ಸಾಕ್ಷಿ. ಸದ್ದಿದ್ದರೆ ಬಾನೆಟ್ ಎತ್ತಿ ಸದ್ದು ಹಿಡಿಯಿರಿ.

ನಾನು ಮಾಡಿದ್ದು ಇಷ್ಟು. ಮನೆ ಮುಂದೆ ಒಣ ನೆಲದ ಮೇಲೆ ಗಾಡಿ ನಿಲ್ಲಿಸಿ ಹದಿನೈದು ನಿಮಿಷ ಎಸಿ ಓಡಿಸಿ ವಿಡಿಯೊ ಮಾಡಿದೆ. ಗಾಳಿಯ ತೇವ ಕೂಲಿಂಗ್ ಕಾಯಿಲ್ ಮೇಲೆ ನೀರಾಗಿ, ಒಂದು ಸಣ್ಣ ಪೈಪಿನ ಮೂಲಕ ಗಾಡಿಯ ಕೆಳಗೆ ತೊಟ್ಟಿಕ್ಕಬೇಕು. ಕೆಳಗೆ ನೆಲ ಒಣಗಿತ್ತು, ಒಳಗೆ ಮ್ಯಾಟಿನ ಮೇಲೆ ನೀರು ನಿಂತಿತ್ತು. ಬೆರಳಿಗೆ ಹಚ್ಚಿ ನೋಡಿದೆ: ಬಣ್ಣವಿಲ್ಲದ, ಜಿಗುಟಿಲ್ಲದ ಬರೀ ನೀರು. ಬಣ್ಣವಿದ್ದು ಜಾರುವಂತಿದ್ದು ಸಿಹಿ ವಾಸನೆ ಬಂದರೆ ಅದು ಕೂಲೆಂಟ್. ಆಗ ಎಂಜಿನ್ ಬಿಸಿಯಾಗುವ ಅಪಾಯವಿದೆ, ಗಾಡಿ ಓಡಿಸಬಾರದು. ಡ್ಯಾಶ್‌ಬೋರ್ಡ್ ಮತ್ತೆ ಕೂರಿಸುವಾಗ ನೀರಿನ ಪೈಪು ಸರಿಯಾಗಿ ಕೂತಿಲ್ಲ ಎಂಬುದು ಆ ವಿಡಿಯೊ ನೋಡಿದ ಯಾರಿಗಾದರೂ ತಿಳಿಯುವಂತಿತ್ತು.

ಊರಿನ ಮಿಸ್ತ್ರಿಗೆ ತೋರಿಸಿ ಅಭಿಪ್ರಾಯ ಕೇಳುವುದರಲ್ಲಿ ತಪ್ಪಿಲ್ಲ, ನನಗೂ ಅದರಿಂದ ಧೈರ್ಯ ಬಂತು. ಆದರೆ ಒಂದು ನಟ್ಟನ್ನೂ ಬಿಚ್ಚಿಸಬೇಡಿ. ‘ಹೊರಗಿನವರು ಕೈ ಹಾಕಿದ್ದಾರೆ’ ಎನ್ನಲು ಶೋರೂಮಿಗೆ ನೆಪ ಸಿಗುತ್ತದೆ. ಸ್ಕ್ಯಾನರ್ ಹಚ್ಚಿದರೆ ಕೋಡ್ ಓದಿ ಫೋಟೊ ತೆಗೆದುಕೊಳ್ಳಲಿ, ಅಳಿಸದಿರಲಿ. ಬ್ಯಾಟರಿಯ ವೈರನ್ನೂ ಬಿಚ್ಚಬಾರದು. ಎಷ್ಟೋ ಗಾಡಿಗಳಲ್ಲಿ ದೋಷದ ನೆನಪು ಅದರೊಂದಿಗೇ ಅಳಿಸಿ ಹೋಗುತ್ತದೆ.

ಮಾತು ಬೇಡ, ಬರಹ ಬೇಕು

ಅದೇ ದಿನ ಸರ್ವಿಸ್ ಮ್ಯಾನೇಜರಿಗೆ ಇಮೇಲ್ ಅಥವಾ ವಾಟ್ಸ್‌ಆ್ಯಪ್ ಕಳಿಸಿ. ಉದ್ದ ಬೇಕಿಲ್ಲ: ‘ಇಂಥ ದಿನ, ಇಂಥ ಜಾಬ್ ಕಾರ್ಡ್ ನಂಬರಿನಲ್ಲಿ ಕೂಲಿಂಗ್ ಕಾಯಿಲ್ ಬದಲಿಸಿದಿರಿ. ಗಾಡಿ ಪಡೆದಾಗ ಇಷ್ಟು ಕಿಲೋಮೀಟರ್ ಓಡಿತ್ತು. ಇಷ್ಟು ಕಿಲೋಮೀಟರಿಗೆ ಎಡಬದಿ ಒಳಗೆ ನೀರು ಸೋರಿದೆ. ಮೊದಲು ಈ ದೋಷ ಇರಲಿಲ್ಲ. ವಿಡಿಯೊ ಲಗತ್ತಿಸಿದೆ. ಶುಲ್ಕವಿಲ್ಲದೆ ಸರಿಪಡಿಸಿಕೊಡಿ.’ ಬೈಗುಳ, ಬೆದರಿಕೆ ಬೇಡ. ಮುಂದೆ ದೂರು ಕೊಟ್ಟರೆ ಗ್ರಾಹಕ ಆಯೋಗ ಓದುವುದೂ ಇದೇ ಬರಹವನ್ನು.

ಗಾಡಿ ಮರಳಿ ಬಿಡುವಾಗ ಹೊಸ ಜಾಬ್ ಕಾರ್ಡ್ ತೆರೆಸಿ. ‘ಜನರಲ್ ಚೆಕಪ್’ ಎಂದಷ್ಟೇ ಬರೆದರೆ ಸಹಿ ಹಾಕಬೇಡಿ. ಹಿಂದಿನ ರಿಪೇರಿಯ ನಂತರ ಬಂದ ದೋಷ ಎಂದು ನಿಮ್ಮ ಮಾತಿನಲ್ಲೇ ಬರೆಸಿ, ಪ್ರತಿ ಪಡೆಯಿರಿ. ಸಂಬಂಧವಿಲ್ಲ ಎಂದು ಹೇಳಿದರೆ, ಕಾರಣ ಸಹಿತ ಬರೆದುಕೊಡಲು ಕೇಳಿ. ಕೆಲವೊಮ್ಮೆ ಅವರ ಮಾತು ನಿಜವೂ ಇರುತ್ತದೆ. ಹಳೆಯ ಬ್ಯಾಟರಿ ಎಸಿ ರಿಪೇರಿಯ ಮರುದಿನವೇ ಸಾಯಬಹುದು. ಅವರು ಕೈಯಿಟ್ಟ ಜಾಗಕ್ಕೂ ದೋಷ ಬಂದ ಜಾಗಕ್ಕೂ ನಂಟಿದೆಯೇ ಎಂದು ನಾವೂ ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು.

ಗಾಡಿ ವಾಪಸ್ ಪಡೆಯುವಾಗ ಅವಸರ ಬೇಡ. ನಾನು ಮೊದಲ ಸಲ ತಪ್ಪಿದ್ದು ಇಲ್ಲಿಯೇ. ಸರ್ವಿಸ್ ಅಡ್ವೈಸರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕೈದು ಕಿಲೋಮೀಟರ್ ಓಡಿಸಿ. ಕೀ ಹಾಕಿದಾಗ ಹತ್ತುವ ಎಚ್ಚರಿಕೆ ದೀಪಗಳು ಎಂಜಿನ್ ಶುರುವಾದ ಮೇಲೆ ಆರುತ್ತವೆಯೇ, ಹಾರ್ನ್, ವೈಪರ್, ಕಿಟಕಿ, ರಿವರ್ಸ್ ಕ್ಯಾಮೆರಾ ಸರಿ ಇವೆಯೇ ನೋಡಿ. ತೃಪ್ತಿ ಪತ್ರಕ್ಕೆ ಸಹಿ ಆಮೇಲೆ. ಹಣ ಕೊಟ್ಟು ಬದಲಿಸಿದ ಭಾಗವಾದರೆ ಹಳೆಯದನ್ನು ಕೇಳಿ ಪಡೆಯಿರಿ.

ನಮ್ಮ ಗಾಡಿಯ ವಿಡಿಯೊ ನೋಡಿದ ಮ್ಯಾನೇಜರು ವಾದ ಬಿಟ್ಟರು. ಪೈಪು ಕೂರಿಸಿ, ಕಾರ್ಪೆಟ್ ಒಣಗಿಸಿ, ಬಿಲ್ಲಿನಲ್ಲಿ ಸೊನ್ನೆ ಬರೆದುಕೊಟ್ಟರು.

ಅಲ್ಲಿಗೂ ಬಗೆಹರಿಯದಿದ್ದರೆ

ಡೀಲರ್ ಮಾಲೀಕರಿಗೆ, ನಂತರ ಕಾರು ಕಂಪನಿಯ ಗ್ರಾಹಕ ವಿಭಾಗಕ್ಕೆ ಬರೆಯಿರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಸಂಖ್ಯೆ ಪಡೆಯಿರಿ. ಕೊನೆಯ ದಾರಿ ಜಿಲ್ಲಾ ಗ್ರಾಹಕ ಆಯೋಗ. 2020ರ ಜುಲೈ 20ರಿಂದ ಜಾರಿಯಲ್ಲಿರುವ 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ದೋಷಪೂರಿತ ರಿಪೇರಿಯೂ ಸೇವಾ ನ್ಯೂನತೆಯೇ. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ, ಆನ್‌ಲೈನಿನಲ್ಲೂ ಸಲ್ಲಿಸಬಹುದು.

ಹೊಸ ಕಾರನ್ನೇ ಕೊಡಿಸಿ ಎಂದು ಪಟ್ಟು ಹಿಡಿಯುವ ಮುನ್ನ ಯೋಚಿಸಿ. 2006ರಲ್ಲಿ ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಾರಂಟಿಯ ಹೊಣೆ ದೋಷವಿರುವ ಭಾಗವನ್ನು ಸರಿಪಡಿಸುವುದಕ್ಕೆ ಅಥವಾ ಬದಲಿಸುವುದಕ್ಕೆ ಸೀಮಿತ ಎಂದು ಹೇಳಿ ಕಾರು ಬದಲಿಸುವ ಆದೇಶವನ್ನು ಒಪ್ಪಲಿಲ್ಲ. ಉಚಿತ ರಿಪೇರಿ, ಖರ್ಚಾದ ಹಣ, ಓಡಾಟದ ವೆಚ್ಚ, ಪರಿಹಾರ ಇಷ್ಟನ್ನು ಲೆಕ್ಕ ಸಮೇತ ಕೇಳುವುದು ಗಟ್ಟಿ ದಾರಿ.

ಕಾರು ಬಾಗಲಕೋಟೆಯಲ್ಲಿ ಕೊಂಡಿರಲಿ, ಹುಬ್ಬಳ್ಳಿಯಲ್ಲಿ ರಿಪೇರಿ ಮಾಡಿಸಿರಲಿ, ಆಲಮಟ್ಟಿಯವರು ವಿಜಯಪುರದ ಆಯೋಗದಲ್ಲೇ ದೂರು ಕೊಡಬಹುದು. ದೂರುದಾರ ವಾಸಿಸುವ ಜಿಲ್ಲೆಯಲ್ಲಿ ಸಲ್ಲಿಸಲು ಕಾಯ್ದೆಯೇ ಅವಕಾಶ ಕೊಟ್ಟಿದೆ. ವ್ಯಾಜ್ಯಕ್ಕೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಗಡುವು. ಜಾಬ್ ಕಾರ್ಡುಗಳನ್ನು ಅಲ್ಲಿಯವರೆಗಾದರೂ ಜೋಪಾನವಾಗಿಡಿ.