ಛಾವಣಿಯ ಮೇಲಿನ ವಿದ್ಯಾರಣ್ಯರು

ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದ ಛಾವಣಿಯಲ್ಲಿ ವಿದ್ಯಾರಣ್ಯರ ಪಲ್ಲಕ್ಕಿ ಉತ್ಸವದ ವರ್ಣಚಿತ್ರವಿದೆ. ಹರಿಹರ, ಬುಕ್ಕರಿಗೆ ರಾಜ್ಯ ಕಟ್ಟುವ ದಾರಿ ತೋರಿದವರೆಂದು ಪರಂಪರೆ ಹೇಳುವ ಈ ಯತಿ ಶೃಂಗೇರಿ ಪೀಠಾಧಿಪತಿಯಾಗಿದ್ದು, 1386ರಲ್ಲಿ ತೀರಿಕೊಂಡರು. ಮಂಟಪ ಕೃಷ್ಣದೇವರಾಯನ ಪಟ್ಟಾಭಿಷೇಕದ ಸಂದರ್ಭದ್ದು. 1510ರ ಶಾಸನ ಅಲ್ಲೇ ಇದೆ. ಚಿತ್ರದ ಕಾಲದ ತಕರಾರು ಮಾತ್ರ ಇನ್ನೂ ಮುಗಿದಿಲ್ಲ. ವಿಜಯನಗರದ ಕಾಲದ್ದು ಎನ್ನುವವರಿದ್ದಾರೆ, 19ನೇ ಶತಮಾನದ್ದು ಎನ್ನುವವರೂ ಇದ್ದಾರೆ. ಯಾವ ಲೆಕ್ಕ ಹಿಡಿದರೂ ಬಣ್ಣ ಹಚ್ಚಿದ ಕೈಗಳು ವಿದ್ಯಾರಣ್ಯರನ್ನು ಕಂಡಿರಲಿಲ್ಲ.

ಹೀಗಾಗಿ ಇಲ್ಲಿ ಚಹರೆ ಹುಡುಕುವುದು ವ್ಯರ್ಥ. ಇಟಗಿ ಕಡೆಯಿಂದ ಹೋದ ನಮ್ಮಂಥವರು ಕತ್ತು ನೋಯುವವರೆಗೆ ಮುಖವನ್ನೇ ಅರಸುತ್ತೇವೆ. ಸಿಗುವುದು ಪಲ್ಲಕ್ಕಿಯೊಳಗಿನ ಒಂದು ಪುಟ್ಟ ಆಕೃತಿ. ಗೌರವವೆಲ್ಲ ಸುತ್ತಲಿನ ಸಾಲಿನಲ್ಲಿದೆ: ಪಲ್ಲಕ್ಕಿ ಹೊತ್ತವರು, ನಿಶಾನೆ ಹಿಡಿದವರು, ವಾದ್ಯದವರು, ಆನೆಗಳು. ಒಬ್ಬ ಮುತ್ಸದ್ದಿಯ ಬಲವನ್ನು ಅವನ ಹಿಂದೆ ಮುಂದೆ ನಡೆಯುವವರಿಂದ ಅಳೆಯುವ ಕ್ರಮ ಇದು. ಮುಖ ನೋಡುವುದನ್ನು ಬಿಟ್ಟ ಮೇಲೆಯೇ ಚಿತ್ರ ಅರ್ಥವಾಗುತ್ತದೆ ಎಂಬುದು ನನ್ನ ಅನುಭವ.

ಈ ಚಿತ್ರಗಳನ್ನು ಬರೆದವರು ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಚಿತ್ರಗಾರರ ಹಿರಿಯರು ಎಂಬ ನಂಬಿಕೆ ಬಲವಾಗಿದೆ. ಕಿನ್ನಾಳದ ಕೆಲಸ ಕಂಡವರಿಗೆ ಅದು ಸುಳ್ಳೆನಿಸದು. ಅಲ್ಲಿ ಮೂರ್ತಿ ಮಾಡುವಾಗ ಹಗುರವಾದ ಮರದ ತುಂಡುಗಳನ್ನು ಜೋಡಿಸಿ, ಸಣಬಿನ ಚಿಂದಿ, ಮರದ ಹೊಟ್ಟು, ಹುಣಸೆಬೀಜದ ಅಂಟು ಸೇರಿಸಿದ ‘ಕಿಟ್ಟ’ದಿಂದ ಸಂದು ಮುಚ್ಚುತ್ತಾರೆ. ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಮೈಮೇಲೆ ಒಡವೆಗಳನ್ನು ಉಬ್ಬಿಸುತ್ತಾರೆ. ಅಲ್ಲಿಯೂ ಮೂರ್ತಿ ಯಾವುದೆಂದು ಹೇಳುವುದು ಮುಖವಲ್ಲ. ಕೈಯ ಆಯುಧ, ಕೆಳಗಿನ ವಾಹನ, ಮೈಬಣ್ಣ.

ಇಟಗಿಯ ಮಹಾದೇವ ಗುಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ, ಶಾಸನ ‘ದೇವಾಲಯ ಚಕ್ರವರ್ತಿ’ ಎಂದು ಹೊಗಳಿದ ಈ ಆವರಣದಲ್ಲಿ ಅವನ ತಂದೆ ಮೂರ್ತಿನಾರಾಯಣನ ಹೆಸರಿನದೂ ಒಂದು ಗುಡಿಯಿದೆ. ಮನುಷ್ಯನ ಹೆಸರನ್ನು ದೇವರಿಗಿಟ್ಟರೆ ಅವನ ರೂಪವನ್ನು ಕಡೆಯಬೇಕಾಗಿಲ್ಲ.

ರೂಪ ಕಡೆಯದೆ ನೆನೆಯುವ ಈ ಕ್ರಮ ನಮ್ಮ ಕಾಲದಲ್ಲೂ ಉಂಟು. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಡಾಗ್ ಹ್ಯಾಮರ್‌ಷೋಲ್ಡ್ 1961ರ ಸೆಪ್ಟೆಂಬರ್‌ನಲ್ಲಿ ಆಫ್ರಿಕಾದ ಎಂಡೋಲಾ ಬಳಿ ವಿಮಾನ ಅಪಘಾತದಲ್ಲಿ ಸತ್ತಾಗ, ಅವರ ಸ್ಮರಣೆಗೆ ನ್ಯೂಯಾರ್ಕ್‌ನ ಕೇಂದ್ರ ಕಚೇರಿಯಲ್ಲಿ 1964ರಲ್ಲಿ ಬಂದದ್ದು ಶಗಾಲ್‌ನ ಬಣ್ಣದ ಗಾಜಿನ ಕಿಟಕಿ ಮತ್ತು ಬಾರ್ಬರಾ ಹೆಪ್‌ವರ್ತ್‌ರ ‘ಸಿಂಗಲ್ ಫಾರ್ಮ್’ ಎಂಬ ಕಂಚಿನ ಶಿಲ್ಪ. ಶಿಲ್ಪದಲ್ಲಿ ಮುಖವೇ ಇಲ್ಲ. ಎತ್ತರದ ಒಂದು ಫಲಕ, ಅದರಲ್ಲೊಂದು ದುಂಡು ರಂಧ್ರ. ಇದನ್ನು ಆಧುನಿಕರ ವಿಚಿತ್ರ ಎಂದು ನಗುವವರು ಒಮ್ಮೆ ಇಟಗಿ ನೋಡಬೇಕು.

ಹಂಪಿಯ ಛಾವಣಿ ನೋಡಲು ಹೋಗುವವರು ಸಾಧ್ಯವಾದರೆ ದುರ್ಬೀನು ಒಯ್ಯಿರಿ. ಮೆರವಣಿಗೆಯ ಒಂದು ತುದಿಯಿಂದ ಶುರುಮಾಡಿ, ಪಲ್ಲಕ್ಕಿಯನ್ನು ಕೊನೆಗೆ ನೋಡಿ.