ಕಸಿ ಕಿಡ್ನಿಗೆ ರಕ್ತದ ಡಿಎನ್‌ಎ ಪರೀಕ್ಷೆ ಬೇಕೇ?

ಪ್ರಶ್ನೆ: ನಮ್ಮದು ಶಿಕಾರಿಪುರ ತಾಲ್ಲೂಕು, ಉಡುತಡಿ ಹತ್ತಿರದ ಹಳ್ಳಿ. ಎರಡು ವರ್ಷದ ಹಿಂದೆ ನಮ್ಮ ಯಜಮಾನರಿಗೆ ಕಿಡ್ನಿ ಕಸಿ ಆಯಿತು. ಕೊಟ್ಟವರು ಅತ್ತೆ. 1.1 ಇದ್ದ ಕ್ರಿಯಾಟಿನಿನ್ ಈಗ 1.4ಕ್ಕೆ ಏರಿದೆ. ಬಯಾಪ್ಸಿ ಬೇಕಾಗಬಹುದು ಅಂದರು ಡಾಕ್ಟರು. ಇವರಿಗೆ ಸೂಜಿ ಕಂಡರೆ ಭಯ. ರಕ್ತದಲ್ಲೇ ಡಿಎನ್‌ಎ ನೋಡಿ ಹೇಳುವ ದುಬಾರಿ ಪರೀಕ್ಷೆ ಇದೆಯಂತೆ. ಈ ಸಲದ ಅಡಿಕೆ ದುಡ್ಡು ಅದಕ್ಕೇ ಹಾಕಲೇ? ‘ನನ್ನ ಕಿಡ್ನಿಯೇ ಸರಿ ಇರಲಿಲ್ಲವೇನೋ’ ಅಂತ ಅತ್ತೆ ಕೊರಗುತ್ತಿದ್ದಾರೆ.

ಉತ್ತರ: ಮೊದಲು ನಿಮ್ಮ ಅತ್ತೆಗೆ ಧೈರ್ಯ ಹೇಳಿ. ದಾನಿಯ ಕಿಡ್ನಿಯನ್ನು ಎಲ್ಲ ರೀತಿಯಲ್ಲೂ ಪರೀಕ್ಷಿಸಿದ ಮೇಲೆಯೇ ಕಸಿ ಮಾಡುತ್ತಾರೆ. ದೇಹ ಅದನ್ನು ತಿರಸ್ಕರಿಸುತ್ತಿದ್ದರೂ ಅದು ಮಗನ ರೋಗನಿರೋಧಕ ಶಕ್ತಿಯ ಕೆಲಸವೇ ಹೊರತು ತಾಯಿ ಕೊಟ್ಟ ಅಂಗದ ದೋಷವಲ್ಲ. ಅದೂ ಅಲ್ಲದೆ, ಇದು ತಿರಸ್ಕಾರವೇ ಎಂದು ಇನ್ನೂ ಗೊತ್ತಾಗಿಲ್ಲ.

ಇನ್ನು ಪರೀಕ್ಷೆಯ ವಿಚಾರ. ಜೀವಕೋಶಗಳು ಸತ್ತಾಗ ಅವುಗಳ ಡಿಎನ್‌ಎ ಚೂರುಗಳು ರಕ್ತಕ್ಕೆ ಸೇರುತ್ತವೆ. ಕಸಿ ಆದವರ ರಕ್ತದಲ್ಲಿ ದಾನಿಯ ಡಿಎನ್‌ಎ ಕೂಡ ಇರುತ್ತದೆಂದು 1998ರಲ್ಲಿ ವಿಜ್ಞಾನಿ ಡೆನ್ನಿಸ್ ಲೋ ಮತ್ತು ಸಂಗಡಿಗರು ತೋರಿಸಿದರು. ಗಂಡಸರ ಅಂಗ ಪಡೆದ ಹೆಂಗಸರ ರಕ್ತದಲ್ಲಿ ಅವರಿಗೆ ವೈ ಕ್ರೋಮೋಸೋಮಿನ ಗುರುತು ಸಿಕ್ಕಿತ್ತು. ತಾಯಿ ಮಗನ ಡಿಎನ್‌ಎ ಅರ್ಧದಷ್ಟು ಒಂದೇ ಆದರೂ ಬೇರೆಯಾಗಿರುವ ಜಾಗಗಳು ಸಾಕಷ್ಟಿವೆ. ಅವನ್ನು ಓದಿ, ದಾನಿಯ ಪಾಲು ಶೇಕಡ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಕಿಡ್ನಿಗೆ ಪೆಟ್ಟು ಬಿದ್ದರೆ ಆ ಪಾಲು ಹೆಚ್ಚುತ್ತದೆ. ಈ ಚೂರುಗಳು ಒಂದೆರಡು ಗಂಟೆಯಲ್ಲೇ ಕರಗಿಹೋಗುವುದರಿಂದ ವರದಿಯಲ್ಲಿ ಕಾಣುವುದು ಆ ದಿನದ ಸ್ಥಿತಿ. ಕ್ರಿಯಾಟಿನಿನ್ ಮಾತ್ರ, ಕಿಡ್ನಿಯ ಸೋಸುವ ಶಕ್ತಿ ಕುಂದಿದ ಮೇಲೆಯೇ ಏರುತ್ತದೆ.

ಆದರೆ ಇದಕ್ಕೆ ಮಿತಿಗಳಿವೆ. 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಶೇ 1ನ್ನು ಗಡಿ ಎಂದು ಇಟ್ಟುಕೊಂಡರು. ಅದಕ್ಕಿಂತ ಹೆಚ್ಚು ಬಂದವರಲ್ಲಿ ನೂರಕ್ಕೆ 61 ಮಂದಿಗೆ ನಿಜಕ್ಕೂ ತಿರಸ್ಕಾರವಿತ್ತು. ಕಡಿಮೆ ಬಂದವರಲ್ಲಿ 84 ಮಂದಿಗೆ ಇರಲಿಲ್ಲ. ಉಳಿದ 16 ಮಂದಿಗೆ ಇತ್ತು. ಬಿ.ಕೆ. ವೈರಸ್ ಕಿಡ್ನಿಗೆ ತಗುಲಿದರೂ ಅಂಕಿ ಏರಬಹುದು. ಜೋರು ಜ್ವರವಿದ್ದಾಗ ರೋಗಿಯ ಸ್ವಂತ ಡಿಎನ್‌ಎಯೇ ಹೆಚ್ಚಾಗಿ, ದಾನಿಯ ಪಾಲು ಇರುವುದಕ್ಕಿಂತ ಕಡಿಮೆ ಕಾಣಬಹುದು. ತಿರಸ್ಕಾರ ಯಾವ ಬಗೆಯದು, ಯಾವ ಔಷಧಿ ಕೊಡಬೇಕು ಎನ್ನುವುದು ಈ ಪರೀಕ್ಷೆಯಿಂದ ತಿಳಿಯುವುದಿಲ್ಲ. ಅದಕ್ಕೆ ಬಯಾಪ್ಸಿಯೇ ಆಗಬೇಕು. ಕಸಿ ಕಿಡ್ನಿ ಕೆಳಹೊಟ್ಟೆಯಲ್ಲಿ, ಚರ್ಮದ ಸನಿಹದಲ್ಲೇ ಇರುತ್ತದೆ. ಜಾಗ ಮರಗಟ್ಟಿಸಿ, ಸ್ಕ್ಯಾನಿಂಗ್ ನೋಡುತ್ತ ಸೂಜಿ ಹಾಕುತ್ತಾರೆ. ರಕ್ತಸ್ರಾವದ ಅಪಾಯ ಇದ್ದರೂ ಅದು ಚಿಕ್ಕದು.

1.1ರಿಂದ 1.4 ಎಂದರೆ ಕಾಲು ಭಾಗಕ್ಕಿಂತ ಹೆಚ್ಚಿನ ಏರಿಕೆ. ಆದ್ದರಿಂದ ಈ ವಾರವೇ ಕಸಿ ಮಾಡಿದ ಆಸ್ಪತ್ರೆಗೆ ಹೋಗಿ. ಅಲ್ಲಿ ಮೊದಲು ಆಗಬೇಕಾದವು ಕಡಿಮೆ ಖರ್ಚಿನ ತಪಾಸಣೆಗಳು: ಮತ್ತೊಮ್ಮೆ ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್ ಮತ್ತು ಸೋಂಕು, ಸ್ಕ್ಯಾನಿಂಗ್, ರಕ್ತದಲ್ಲಿ ಟ್ಯಾಕ್ರೊಲಿಮಸ್ (ತಿರಸ್ಕಾರ ತಡೆಯುವ ಮಾತ್ರೆ) ಮಟ್ಟ. ಟ್ಯಾಕ್ರೊಲಿಮಸ್ ಹೆಚ್ಚಾದರೂ ಕ್ರಿಯಾಟಿನಿನ್ ಏರುತ್ತದೆ, ಕಡಿಮೆಯಾದರೆ ತಿರಸ್ಕಾರಕ್ಕೆ ದಾರಿ. ಬೆಳಗಿನ ಬಸ್ಸು ಹಿಡಿಯುವ ಅವಸರದಲ್ಲಿ ಮಾತ್ರೆ ನುಂಗಿ ಹೊರಟರೆ ಆ ವರದಿಯೇ ತಪ್ಪಾಗುತ್ತದೆ. ಮಾತ್ರೆ ಜೊತೆಗಿರಲಿ, ರಕ್ತ ಕೊಟ್ಟ ಕೂಡಲೇ ನುಂಗಲಿ.

ಡಿಎನ್‌ಎ ಪರೀಕ್ಷೆಗೆ ಒಪ್ಪುವ ಮೊದಲು ಡಾಕ್ಟರನ್ನು ಒಂದು ಮಾತು ಕೇಳಿ: ‘ಅಂಕಿ ಹೆಚ್ಚು ಬಂದರೆ ಏನು ಮಾಡುತ್ತೀರಿ, ಕಡಿಮೆ ಬಂದರೆ ಏನು ಮಾಡುತ್ತೀರಿ?’ ಎರಡಕ್ಕೂ ಉತ್ತರ ಬಯಾಪ್ಸಿಯೇ ಆದರೆ ನೇರವಾಗಿ ಅದನ್ನೇ ಮಾಡಿಸಿ. ಕಡಿಮೆ ಬಂದರೆ ಬಯಾಪ್ಸಿ ಬಿಟ್ಟು ಕಾಯಬಹುದು ಎಂದು ಅವರು ಹೇಳಿದರೆ, ಸಾಲ ಮಾಡದೆ ನಿಮಗೆ ಕೊಡಲಾಗುವುದಾದರೆ, ಮಾಡಿಸಿ. ಆಸ್ಪತ್ರೆಯ ಆರೋಗ್ಯ ಮಿತ್ರರನ್ನೂ ವಿಚಾರಿಸಿ. ಬಿಪಿಎಲ್ ಕಾರ್ಡ್ ಇದ್ದರೆ ಯಾವುದಕ್ಕೆ ನೆರವಿದೆ ಎಂದು ಅವರು ತಿಳಿಸುತ್ತಾರೆ.

ಮನೆಯಲ್ಲೂ ಕೆಲವು ಎಚ್ಚರ ಬೇಕು. ಮೈಕೈ ನೋವೆಂದು ಡಿಕ್ಲೋಫೆನಾಕ್ ಮಾತ್ರೆ, ಚುಚ್ಚುಮದ್ದು ಬೇಡವೇ ಬೇಡ. ನಾಟಿ ಔಷಧಿಯೂ ಬೇಡ. ಚಕ್ಕೋತ ಹಣ್ಣು ಟ್ಯಾಕ್ರೊಲಿಮಸ್ ಮಟ್ಟವನ್ನು ಏರಿಸಬಲ್ಲದು. ದಾರೆಹುಳಿ ಕಿಡ್ನಿಗೇ ವಿಷ. ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡದ್ದು ನಿಮ್ಮ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗು ಡಿಸೆಂಬರಿನಿಂದ ಮೇ ತನಕ ಹೆಚ್ಚು, ಆಗ ಸೊಪ್ಪು ಸೌದೆಗೆಂದು ಇವರು ಕಾಡಿಗೆ ಹೋಗುವುದು ಬೇಡ. ಜ್ವರ ಬಂದರೆ ಅದೇ ದಿನ ಡಾಕ್ಟರಿಗೆ ತಿಳಿಸಿ.

ಅಡಿಕೆ ದುಡ್ಡಿನಲ್ಲಿ ಮೊದಲ ಪಾಲು ವರ್ಷವಿಡೀ ತಪ್ಪದೆ ಬೇಕಾಗುವ ಮಾತ್ರೆಗಳಿಗೆ ಎತ್ತಿಡಿ. ಯಾವ ಪರೀಕ್ಷೆಯೂ ತಪ್ಪಿದ ಮಾತ್ರೆಯ ನಷ್ಟವನ್ನು ತುಂಬಿಕೊಡುವುದಿಲ್ಲ.